ಟವೆಲಿನ ಕೆಳಗಿನ ದರ

ಮುಂಡರಗಿಯ ದನದ ಸಂತೆಯಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ನಾವು ದಲ್ಲಾಳಿಗಳು ಟವೆಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತೇವೆ. ಒಂದು ಬೆರಳಿಗೆ ಹತ್ತು ಸಾವಿರ. ಎಷ್ಟಕ್ಕೆ ಹೋಯಿತೆಂದು ಮೂರನೆಯವರು ಕೇಳುವುದಿಲ್ಲ.

ಈ ವರ್ಷ ಸಂತೆಯ ಗುತ್ತಿಗೆ ಹಿಡಿದ ಕಂಪನಿಯು ಬಿಲ್ಲು, ಹಣ ಎಲ್ಲ ಫೋನಿನಲ್ಲೇ ಆಗಬೇಕು ಅಂದಿತು. ದುಡ್ಡು ಬಂದರೆ ಕೂಗಿ ಹೇಳುವ ಡಬ್ಬಿಯನ್ನೂ ಕೊಟ್ಟಿತು. ಮುದಕಪ್ಪನಂಥ ಹಳೆಯ ದಲ್ಲಾಳಿಗಳು ಅದನ್ನು ಬಂದ್ ಮಾಡಿ ಚೀಲದಲ್ಲಿಟ್ಟರು. ನಾನೋ, ದೊಡ್ಡ ಶಾಣ್ಯಾ. ಎದುರಿಗಿಟ್ಟು ಸದ್ದು ಪೂರ್ತಿ ಏರಿಸಿದೆ.

ಅವತ್ತು ಗುರುಸಿದ್ದವ್ವ ತನ್ನ ಕುಂಟೆತ್ತು ಹೊಡೆದುಕೊಂಡು ಬಂದಳು. ಗಂಡ ತೀರಿ ಇನ್ನೂ ವರ್ಷವಾಗಿಲ್ಲ. ಮಗಳು ಶೈಲಾಳನ್ನು ಗದಗಿನಲ್ಲಿ ನರ್ಸಿಂಗ್ ಕಲಿಯಲು ಹಾಕುವುದಕ್ಕೆ ನಲವತ್ತು ಸಾವಿರ ಬೇಕಿತ್ತು. ಆ ಎತ್ತು ಕೊಳ್ಳಲು ಬಂದಿದ್ದ ಹಮ್ಮಿಗಿಯ ಖಾಸಿಂಸಾಬ ಕಾಕಾ ಮೊದಲೇ ನನ್ನನ್ನು ಮರೆಗೆ ಕರೆದಿದ್ದರು. ಆಕೆಯ ಗಂಡನೂ ಇವರೂ ಒಬ್ಬರ ಹೊಲ ಒಬ್ಬರು ಉತ್ತವರು.

“ಶಿವಯೋಗಿ, ಸುಮ್ನ ಕೊಟ್ರ ಆಕಿ ಮುಟ್ಟಂಗಿಲ್ಲ. ಫೀಜಿಗೆ ಕಮ್ಮಿ ಬೀಳೋದನ್ನ ಎತ್ತಿನ ರೇಟಿನ್ಯಾಗ ಸೇರಿಸಿಬಿಡು. ಟವೆಲ್ ಕೆಳಗ ಇರ್ಲಿ.”

ನಾನು ಗುರುಸಿದ್ದವ್ವನ ಕೈಗೆ ನಾಲ್ಕು ಬೆರಳು ಒತ್ತಿದೆ. ಆಕೆ ನನ್ನ ಮುಖ ನೋಡಿದಳು.

“ಇಷ್ಟ್ಯಾಕ ಬಂತೋ ತಮ್ಮಾ?”

“ಪ್ಯಾಟಿ ಏರೇತಿ, ಅಕ್ಕಾ.”

ನಂಬಿದಳು. ಎತ್ತಿನ ಕೊರಳು ಸವರಿ, ಶೈಲಾಳಿಗೆ ಫೋನು ಮಾಡಬೇಕು ಅಂದಳು. ಕಾಕಾ ತಮ್ಮ ಫೋನಿನಿಂದ ನನಗೆ ಹಣ ಹಾಕಿದರು. ಡಬ್ಬಿ ಇಡೀ ಸಂತೆಗೆ ಕೇಳುವಂತೆ ಹೇಳಿತು: “ನಲವತ್ತು ಸಾವಿರ ರೂಪಾಯಿ ಜಮಾ ಆಗಿದೆ.”

ಪಕ್ಕದಲ್ಲಿದ್ದ ಮುದಕಪ್ಪ ನಕ್ಕುಬಿಟ್ಟ. “ಕುಂಟೆತ್ತಿಗೆ ನಲವತ್ತಾ? ಇಪ್ಪತ್ತು ಬಂದ್ರ ಹೆಚ್ಚು. ಖಾಸಿಂಸಾಬ ಧರ್ಮಾ ಮಾಡಾಕ ನಿಂತಾನೇನಲೇ?”

ಸುತ್ತಲಿನವರೂ ನಕ್ಕರು. ಅವರಿಗೇನು ಗೊತ್ತು? ಗೊತ್ತಿದ್ದವನು ನಾನು.

ಗುರುಸಿದ್ದವ್ವ ನನ್ನ ಹೆಗಲಿನ ಟವೆಲು ಎಳೆದು ನಮ್ಮಿಬ್ಬರ ಕೈ ಮೇಲೆ ಹಾಕಿದಳು.

“ಈಗ ಖರೆ ಹೇಳು.”

ಎರಡು ಬೆರಳು ಒತ್ತಿದೆ.

“ಅಷ್ಟ ಕೊಡು. ಉಳಿದದ್ದು ಅವ್ರಿಗೆ ವಾಪಸ್ ಹಾಕು.”

“ಶೈಲಾನ ಸಾಲಿ, ಅಕ್ಕಾ...”

“ಸಾಲಿ ಬರೋ ವರ್ಷಾನೂ ಇರ್ತೈತಿ.”

ಆಕೆಗೆ ಇಪ್ಪತ್ತು ಸಾವಿರ ಕೊಟ್ಟು, ಉಳಿದದ್ದನ್ನು ಕಾಕಾರಿಗೆ ತಿರುಗಿ ಹಾಕಿದೆ. ಕಾಕಾ ಎತ್ತಿನ ಹಗ್ಗ ಹಿಡಿದು, ನನ್ನ ಕಡೆ ನೋಡದೆ ಹೋದರು. ಗುರುಸಿದ್ದವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಟವೆಲನ್ನು ಮಡಚಿ ನನ್ನ ಕೈಯಲ್ಲಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಅದನ್ನು ಹೆಗಲಿಗೆ ಹಾಕಿಕೊಳ್ಳಲು ನನಗೆ ಇನ್ನೂ ಆಗಿಲ್ಲ.