ಸ್ಪೀಕರಿಗೊಂದು ಕಿವಿ

ಊಟದ ಮೇಜಿನ ಮೇಲೆ ಊಟ ಮಾಡುವುದನ್ನು ಆ ಮನೆಯವರು ಬಿಟ್ಟು ಬಹಳ ಕಾಲವಾಗಿತ್ತು. ಮೇಜಿನ ತುಂಬ ಪ್ಲೈವುಡ್ ಹಲಗೆಗಳು, ಅಂಟಿನ ಡಬ್ಬಿ, ಮರದ ಉರುಳೆಗೆ ಸುತ್ತಿದ ತಾಮ್ರದ ತಂತಿ ಸಂಸಾರ ಹೂಡಿದ್ದವು. ಮನೆಯ ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೋಫಾದ ಅಂಚಿನಲ್ಲಿ ಬಸ್ಸಿಗೆ ಕಾಯುವವರಂತೆ ಕೂತು ಉಣ್ಣುತ್ತಿದ್ದರು.

“ಜನ ಅಂಗಡಿಗೆ ಹೋಗಿ ಸ್ಪೀಕರ್ ತರ್ತಾರೆ. ನನ್ನ ಮಗ ಅಂಗಡೀನೇ ಮನೆಗೆ ತಂದ,” ಎನ್ನುತ್ತಿದ್ದರು ಅತ್ತೆ.

“ಅಂಗಡೀದು ಬರೀ ಡಬ್ಬ ಅಮ್ಮ. ಕೂಗುತ್ತೆ, ಹಾಡಲ್ಲ,” ಎಂದು ಮಗ ಮರದ ಹೊಟ್ಟು ಮೆತ್ತಿದ ಮೂಗನ್ನು ಒರೆಸಿಕೊಳ್ಳುತ್ತಿದ್ದ.

ಮಗ ಎಂದರೆ ಮನೆಯ ಮೂರನೆಯವಳಾದ ಸೊಸೆಯ ಗಂಡ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮೇಷ್ಟ್ರು. ಅಳೆಯದೆ ಯಾವುದನ್ನೂ ನಂಬುವ ಜಾಯಮಾನ ಅವನದಲ್ಲ. ಪೆಟ್ಟಿಗೆಯ ಅಗಲ ಕೂದಲೆಳೆಯಷ್ಟು ಹೆಚ್ಚಾದರೂ ಹಲಗೆಯನ್ನು ಮತ್ತೆ ಉಜ್ಜುವನು. ಒಳಗಿನ ಗಾಳಿ ಸೋರಬಾರದೆಂದು ಮೂಲೆಮೂಲೆಗೂ ಅಂಟು ಬಳಿದು, ತಗ್ಗು ದನಿ ಹೊರಡಿಸುವ ದೊಡ್ಡ ವೂಫರಿನ ಕಾಗದದ ಬಟ್ಟಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿ, ಅದು ಎಷ್ಟು ನಿಧಾನವಾಗಿ ಮರಳುತ್ತದೆ ಎಂದು ಉಸಿರು ಬಿಗಿಹಿಡಿದು ನೋಡುವನು. ಅವನ ಬಳಿ ಮೈಕಿತ್ತು, ಕಂಪ್ಯೂಟರಿನಲ್ಲಿ ಗೆರೆ ಎಳೆದು ತೋರಿಸುವ ಪ್ರೋಗ್ರಾಮೂ ಇತ್ತು. ಆದರೂ ಕಡೆಯ ತೀರ್ಪು ಹೆಂಡತಿಯದೇ.

“ಎಷ್ಟು ಶಬ್ದ ಅನ್ನೋದು ಮೈಕಿಗೆ ಗೊತ್ತು. ಚೆನ್ನಾಗಿದೆಯಾ ಅನ್ನೋದು ಗೊತ್ತಿಲ್ಲ. ಅದಕ್ಕೆ ನೀನಿದ್ದೀಯಲ್ಲ.”

ಅದಕ್ಕೆ ಕಾರಣವೂ ಇತ್ತು. ಅವಳು ಪಿಂಗಾಣಿ ಕಾರ್ಖಾನೆಯಲ್ಲಿ ಕಪ್ಪುಗಳನ್ನು ಬಡಿದು ಪರೀಕ್ಷಿಸುವವಳು. ಸುಡುವ ಗೂಡಿನಿಂದ ಬೆಂದು ಬಂದ ಕಪ್ಪನ್ನು ಎಡಗೈಯ ಮೂರು ಬೆರಳಿನ ಮೇಲೆ ಕೂರಿಸಿ, ಬಲಗೈಯ ಮರದ ಕಡ್ಡಿಯಿಂದ ಅಂಚಿಗೆ ಒಂದೇ ತಟ್ಟು. ಗಟ್ಟಿ ಕಪ್ಪಾದರೆ ಠಣ್ ಎಂದು ಹುಟ್ಟಿದ ನಾದ ಬಾಲ ಎಳೆದುಕೊಂಡು ಹೋಗುತ್ತದೆ. ಕಣ್ಣಿಗೆ ಕಾಣದ ಸೀಳಿದ್ದರೆ ಆ ಬಾಲ ಮೋಟಾಗುತ್ತದೆ. ಅಂಥದ್ದಕ್ಕೆ ಬಿಸಿ ಚಹಾ ಸುರಿದರೆ ಕುಡಿಯುವವರ ಕೈಯಲ್ಲೇ ಎರಡು ಹೋಳು. ಆ ಪರೀಕ್ಷೆಯ ಮೇಜಿಗೆ ಅವಳಿಗಿಂತ ಒಳ್ಳೆಯ ಕಿವಿ ಬಂದಿರಲಿಲ್ಲವೆಂದು ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು.

ಕಿವಿಯಕ್ಕನ ಕಿವಿ ಮೊದಲಿನಂತಿಲ್ಲ ಎಂಬುದು ಕಿವಿಯಕ್ಕನೊಬ್ಬಳಿಗೇ ಗೊತ್ತಿತ್ತು.

ಯಾವಾಗ ಶುರುವಾಯಿತೋ ಹೇಳುವುದು ಕಷ್ಟ. ಚಿಕ್ಕ ಕಪ್ಪುಗಳ ನಾದದ ಬಾಲ ಒಂದು ದಿನ ತುಸು ಗಿಡ್ಡವೆನಿಸಿತು; ಮಣ್ಣು ಬದಲಾಗಿರಬೇಕು ಅಂದುಕೊಂಡಳು. ಆಮೇಲೆ ಎಲ್ಲ ಕಪ್ಪುಗಳ ಬಾಲವೂ ಗಿಡ್ಡವಾಯಿತು. ಮಾತು ಕೇಳಿಸುತ್ತಿತ್ತು, ಬಾಗಿಲು ಬಡಿದರೆ ಕೇಳಿಸುತ್ತಿತ್ತು. ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅವಳು ಕಪ್ಪಿನ ಅದುರುವಿಕೆಯನ್ನು ಬೆರಳ ತುದಿಯಲ್ಲಿ ಹಿಡಿಯುವುದನ್ನು ಕಲಿತಳು. ಅನುಮಾನವಾದರೆ ದೀಪಕ್ಕೆ ಹಿಡಿದು ನೋಡಿದಳು. ಕೆಲಸ ನಿಧಾನವಾಯಿತು, ಅಷ್ಟೇ. ತನಗೆ ತಿಳಿದ ಮಟ್ಟಿಗೆ ಒಂದು ಸೀಳು ಕಪ್ಪೂ ತನ್ನ ಕೈ ದಾಟಿ ಹೋಗಿಲ್ಲ ಎಂದು ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ‘ತಿಳಿದ ಮಟ್ಟಿಗೆ’ ಎಂಬ ಆ ಮಾತು ಮಾತ್ರ ಬಟ್ಟೆಯ ಒಳಮಡಿಕೆಯಲ್ಲಿ ಸಿಕ್ಕ ಮುಳ್ಳಿನಂತೆ ಕೂತಲ್ಲಿ ನಿಂತಲ್ಲಿ ಚುಚ್ಚುತ್ತಿತ್ತು.

ಮನೆಯಲ್ಲಿ ಬೇರೆಯೇ ಉಪಾಯ. ಗಂಡ ಒಂದೇ ಹಾಡನ್ನು ಎರಡು ಬಗೆಯಲ್ಲಿ ಹಾಕಿ “ಯಾವುದು?” ಎಂದಾಗ, ಅವಳು ಹಾಡನ್ನು ಬಿಟ್ಟು ಅವನ ಮುಖ ನೋಡುತ್ತಿದ್ದಳು. ಅವನಿಗೆ ಹಿಡಿಸಿದಾಗ ಬಲಹುಬ್ಬು ತುಸು ಮೇಲೇರುತ್ತಿತ್ತು. ಅವಳು ಅದನ್ನೇ ಹೇಳುತ್ತಿದ್ದಳು. “ನೋಡು! ನನಗೂ ಅದೇ ಅನ್ನಿಸ್ತು,” ಎಂದು ಅವನು ಕುಣಿದಾಡುವನು. ಅವನಿಗೆ ಹೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದುಂಟು. ಹೇಳಿದರೆ ಅವನು ಅಳೆಯುತ್ತಾನೆ; ಅಳೆದರೆ ಅದು ನಿಜವಾಗಿಬಿಡುತ್ತದೆ; ನಿಜವಾದರೆ ಕಾರ್ಖಾನೆಯ ಆ ಮೇಜು ಬಿಡಬೇಕು. ಆ ಮೇಜು ಬಿಟ್ಟ ತಾನು ಯಾರು ಎಂಬುದು ಅವಳಿಗೆ ಹೊಳೆಯುತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾಗುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಕೋಣೆಗೆ ಬಂದು ನೋಡಿದರೆ, ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ದಪ್ಪ ಪರದೆ ಇಳಿಬಿಟ್ಟಿದೆ. ಪರದೆಯ ಈಚೆ ಸಿದ್ಧವಾದ ಒಂದು ಪೆಟ್ಟಿಗೆ, ಆಚೆ ಗಂಡ.

“ಇದೇನ್ರೀ, ನಾಟಕ ಆಡ್ತೀರಾ?”

“ಕುರುಡು ಪರೀಕ್ಷೆ,” ಎಂದು ಪರದೆಯೊಳಗಿಂದ ದನಿ ಬಂತು. “ಎಲ್ಲೋ ಓದಿದೆ. ಪರೀಕ್ಷೆ ಮಾಡೋನ ಮುಖ ನೋಡಿ ಕೇಳೋರು ತಮಗೇ ಗೊತ್ತಿಲ್ಲದ ಹಾಗೆ ಉತ್ತರ ಹೇಳಿಬಿಡ್ತಾರಂತೆ. ನಿನ್ನ ತಪ್ಪಲ್ಲ, ಮನುಷ್ಯ ಸ್ವಭಾವ. ಇವತ್ತು ನನ್ನ ಮುಖ ನಿನಗೆ ಕಾಣಲ್ಲ.”

“ಅದೊಂದು ಪುಣ್ಯ,” ಎಂದರು ಸೋಫಾದಲ್ಲಿದ್ದ ಅತ್ತೆ.

ಅವಳು ಅತ್ತೆಯ ಪಕ್ಕದಲ್ಲಿ ಬಂದು ಕೂತಳು.

ಪರೀಕ್ಷೆ ಕ್ರಾಸೋವರಿನದು. ಹಾಡನ್ನು ಎರಡಾಗಿ ಸೀಳಿ, ತಗ್ಗು ದನಿಗಳನ್ನು ವೂಫರಿಗೂ ಎತ್ತರದ ದನಿಗಳನ್ನು ಅದರ ಮೇಲಿನ ಪುಟ್ಟ ಟ್ವೀಟರಿಗೂ ಹಂಚಿಕೊಡುವ ಸರ್ಕ್ಯೂಟು ಅದು. ಗಂಡ ಅಂಥ ಎರಡನ್ನು ಎರಡು ಹಲಗೆಯ ಮೇಲೆ ಕಟ್ಟಿದ್ದ. ಯಾವುದು ಒಳಗೆ ಸೇರಬೇಕು ಎಂಬುದು ಇವತ್ತು ತೀರ್ಮಾನವಾಗಬೇಕಿತ್ತು.

“ಒಂದು,” ಎಂದ. ಹಾಡು ಬಂತು. “ಎರಡು.” ಅದೇ ಹಾಡು ಮತ್ತೆ ಬಂತು. ಅವಳಿಗೆ ಎರಡೂ ಒಂದೇ. ಪರದೆಯ ಮಡಿಕೆಗಳನ್ನು ದಿಟ್ಟಿಸಿದಳು, ಪರದೆಗೆ ಹುಬ್ಬಿರಲಿಲ್ಲ.

“ಎರಡು,” ಎಂದಳು, ಕಾರ್ಖಾನೆಯ ಮೇಜಿನ ಮುಂದೆ ಕಪ್ಪನ್ನು ಪಕ್ಕಕ್ಕಿಡುವಾಗಿನ ಗತ್ತಿನಲ್ಲೇ.

“ಎರಡಾ?” ಅತ್ತೆ ಕತ್ತು ಚಾಚಿದರು. “ಎರಡನೇದ್ರಲ್ಲಿ ಹಾಡೋಳು ಬಾಯಿಗೆ ಕಂಬಳಿ ಒತ್ತಿಕೊಂಡಂಗಿತ್ತಲ್ಲೇ!”

“ಅಮ್ಮಾ, ನೀನು ಸುಮ್ನಿರು. ಕೇಳಿದ್ದು ನಿನ್ನಲ್ಲ.”

“ಸರಿ ಬಿಡಪ್ಪ. ಮುದುಕಿ ಮಾತು ಮೂರು ಕಾಸಿಗೆ.”

ಗಂಡ ಪರದೆ ಸರಿಸಿ, ಎರಡನೇ ಹಲಗೆಯನ್ನು ಎತ್ತಿಕೊಳ್ಳಲು ಬಾಗಿದ. ಬಾಗಿದವನು ಹಾಗೇ ನಿಂತ. ಹಲಗೆಯ ಅಂಚಿನಿಂದ ಒಂದು ಕೆಂಪು ತಂತಿ ಯಾವುದಕ್ಕೂ ಅಂಟದೆ ಗಾಳಿಯಲ್ಲಿ ನೇತಾಡುತ್ತಿತ್ತು. ಬೆಳಿಗ್ಗೆ ಏನನ್ನೋ ಬದಲಿಸಲೆಂದು ಬೆಸುಗೆ ಬಿಡಿಸಿದವನು ಮರಳಿ ಹಾಕುವುದನ್ನು ಮರೆತಿದ್ದ. ಎರಡನೇ ಸಲ ಟ್ವೀಟರ್ ಉಸಿರೇ ಆಡಿರಲಿಲ್ಲ. ಪೆಟ್ಟಿಗೆಯ ಬೆನ್ನ ಹಿಂದೆ ನಿಂತವನಿಗೆ ಅದು ಗೊತ್ತಾಗುವಂತೆಯೂ ಇರಲಿಲ್ಲ. ಎತ್ತರದ ದನಿಗಳು ಟಾರ್ಚಿನ ಬೆಳಕಿನಂತೆ ಮುಂದಕ್ಕಷ್ಟೇ ಹೋಗುತ್ತವೆ. ಎದುರಿಗೆ ಕೂತವರಿಗೆ ಗೊತ್ತಾಗಬೇಕಿತ್ತು. ಅತ್ತೆಗೆ ಗೊತ್ತಾಗಿತ್ತು.

ಅವನು ತಂತಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡ.

“ಎರಡೇ ಸರಿ,” ಎಂದ ಅವಳತ್ತ ನೋಡದೆ. “ನಾನೂ ಅದೇ ಅಂದ್ಕೊಂಡಿದ್ದೆ.”

ಕಾಲೇಜಿನ ಲ್ಯಾಬಿನಲ್ಲಿ ತನ್ನದೇ ಲೆಕ್ಕ ತಪ್ಪಿದರೆ ಕರಿಹಲಗೆಯ ಮೇಲೆ ಬರೆದು ಹುಡುಗರಿಗೆ ತೋರಿಸುವ ಮನುಷ್ಯ ಇವನು. ಅವನು ಒಂದು ತಂತಿಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟಿದ್ದನ್ನು ಅವಳು ಕಂಡಳು. ಬಯ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮುಂದಿನ ವಾರವೆಲ್ಲ ಅವನು ಕಾಲೇಜಿನಿಂದ ಬಂದವನೇ ಬಾಗಿಲು ಹಾಕಿಕೊಂಡು ಪೆಟ್ಟಿಗೆಯೊಳಗೆ ತಲೆ ತೂರಿಸಿ ಕೂತ. ವಾರದ ಕೊನೆಗೆ ಎರಡೂ ಪೆಟ್ಟಿಗೆ ಮುಗಿದವು. ಅವನು ಇಬ್ಬರನ್ನೂ ಕರೆದು ಕೂರಿಸಿ, ಹಳೆಯದೊಂದು ಹಾಡು ಹಾಕಿದ. ಪರದೆ ಇರಲಿಲ್ಲ.

ಮೊದಲ ಸಾಲಿಗೇ ಅವಳು ನೆಟ್ಟಗೆ ಕೂತಳು. ಹಾಡುವವಳು ಸಾಲಿನ ನಡುವೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ತಂತಿಯ ಮೇಲೆ ಬೆರಳು ಜಾರಿದ ಸುಯ್ ಎಂಬ ಸದ್ದು, ಅದರ ಹಿಂದೆ ತಾಳದ ಸಣ್ಣ ಕಿಣಿಕಿಣಿ. ಈ ಹಾಡಿನಲ್ಲಿ ಇವೆಲ್ಲ ಇದ್ದವೆಂಬುದನ್ನೇ ಅವಳು ಮರೆತಿದ್ದಳು. ಕಣ್ಣು ತುಂಬಿತು.

“ಅಯ್ಯಯ್ಯೋ, ನಿಲ್ಸೋ! ಕಿವಿಗೆ ಸೂಜಿ ಚುಚ್ಚಿದಂಗಾಗ್ತಿದೆ!” ಅತ್ತೆ ಎರಡೂ ಕಿವಿಗೆ ಅಂಗೈ ಒತ್ತಿಕೊಂಡಿದ್ದರು. “ಹಾಡ್ತಿದ್ದಾಳೋ, ತಟ್ಟೆ ಉಜ್ತಿದ್ದಾಳೋ?”

ಅವಳು ಗಂಡನ ಮುಖ ನೋಡಿದಳು. ಆ ಮುಖ ಓದುವುದರಲ್ಲಿ ಅವಳಿಗಿಂತ ನುರಿತವರು ಯಾರಿದ್ದರು? ದವಡೆ ಬಿಗಿದಿತ್ತು, ಕಣ್ಣಿನ ಮೂಲೆ ಮುದುಡಿತ್ತು. ಪ್ರತಿ ತಾಳಕ್ಕೂ ಅವನು ಒಳಗೊಳಗೇ ಬೆಚ್ಚುತ್ತಿದ್ದ. ಆದರೂ ಅವಳತ್ತ ತಿರುಗಿ, “ಚೆನ್ನಾಗಿದೆ ಅಲ್ವಾ?” ಎಂದು ನಕ್ಕ.

ಅವಳು ಎದ್ದುಹೋಗಿ ಹಾಡು ನಿಲ್ಲಿಸಿದಳು.

“ಟ್ವೀಟರನ್ನ ಎಷ್ಟು ಜೋರು ಮಾಡಿದ್ದೀರಿ?”

“ಏನಿಲ್ಲ, ಒಂಚೂರು...”

“ಒಂಚೂರಿಗೆ ಅತ್ತೆ ಕಿವಿ ಮುಚ್ಚಿಕೊಳ್ಳಲ್ಲ. ಆವತ್ತು ಕೈಯಲ್ಲಿ ಮುಚ್ಚಿಟ್ಟಿದ್ದನ್ನ ನೋಡಿದೆ ಕಣ್ರೀ.”

ಅವನು ಸ್ಕ್ರೂಡ್ರೈವರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. “ನಿನಗೆ ಕೇಳಿಸ್ಲಿ ಅಂತ ಮಾಡ್ದೆ. ಹಾಡು ಇರೋದು ನಿನಗೋಸ್ಕರ ತಾನೇ? ಮೈಕಿನ ಗೆರೆ ನೆಟ್ಟಗಿದ್ದು ಯಾರಿಗೆ ಏನಾಗಬೇಕು?”

“ನನಗೆ ಆಗಬೇಕು. ಇಷ್ಟು ದಿನ ನಾನು ನಿಮ್ಮ ಮುಖ ನೋಡಿ ಸುಳ್ಳು ಹೇಳ್ದೆ. ಈಗ ನೀವು ನನ್ನ ಮುಖ ನೋಡಿ ಪೆಟ್ಟಿಗೆ ಕೈಲೇ ಸುಳ್ಳು ಹೇಳಿಸ್ತಿದ್ದೀರಿ. ಅದನ್ನ ಮೊದಲಿನ ಹಾಗೆ ಸರಿ ಮಾಡಿ. ಸರಿ ಮಾಡಿದ ಮೇಲೆ ಅದರಿಂದಲೇ ನನ್ನ ಕಿವಿ ಅಳೀರಿ.”

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇಷ್ಟು ದಿನ ಹೆದರಿದ್ದು ಇದಕ್ಕೇ ಅಲ್ಲವೆ?

ಅವನು ಟ್ವೀಟರಿನ ಜೋರನ್ನು ತಗ್ಗಿಸುವ ರೆಸಿಸ್ಟರುಗಳನ್ನು ಬದಲಿಸಿ, ಮೈಕು ಇಟ್ಟು, ಗೆರೆ ನೆಟ್ಟಗಾಗುವವರೆಗೆ ಬಿಡಲಿಲ್ಲ. ಅವಳು ಕುರ್ಚಿಯನ್ನು ಪೆಟ್ಟಿಗೆಯ ಎದುರಿಗಿಟ್ಟು, ಅವನ ಕಡೆಗೆ ನೋಟ ಜಾರದಂತೆ ಕಣ್ಣು ಮುಚ್ಚಿ ಕೂತಳು. ಸ್ವರ ಕೇಳಿಸುವವರೆಗೆ ಕೈ ಎತ್ತಿರಬೇಕು, ಕೇಳಿಸದಾದಾಗ ಇಳಿಸಬೇಕು. ಅವನು ಗುಂಯ್ ಎನ್ನುವ ತಗ್ಗು ಸ್ವರದಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋದ. ಅವಳ ಕೈ ಮೇಲಿತ್ತು, ಮೇಲಿತ್ತು, ಆಮೇಲೆ ಇಳಿಯಿತು. ಅವಳ ಪಾಲಿಗೆ ಕೋಣೆ ನಿಶ್ಶಬ್ದವಾಯಿತು.

“ಕೈ ಎತ್ತೇ,” ಎಂದರು ಅತ್ತೆ. “ಇನ್ನೂ ಕೂಗ್ತಾನೇ ಇದೆಯಲ್ಲ.”

ಅವಳು ಎತ್ತಲಿಲ್ಲ. ಕಣ್ಣು ತೆರೆದು ನೋಡಿದರೆ ಗಂಡ ತಲೆ ತಗ್ಗಿಸಿದ್ದ. ಅತ್ತೆ ಮಗನ ಮುಖ ನೋಡಿದರು, ಸೊಸೆಯ ಮಡಿಲಲ್ಲಿ ಬಿದ್ದಿದ್ದ ಕೈ ನೋಡಿದರು. ಎದ್ದು ಬಂದು ಸೊಸೆಯ ತಲೆಯ ಮೇಲೆ ಅಂಗೈ ಇಟ್ಟು ನಿಂತರು.

ಕಂಪ್ಯೂಟರಿನ ಪರದೆಯ ಮೇಲೆ ಮೂಡಿದ ಅವಳ ಕಿವಿಯ ಗೆರೆಯನ್ನು ಗಂಡ ತೋರಿಸಿದ. ಬಯಲಿನಂತೆ ಬಂದದ್ದು ಒಂದು ಕಡೆ ಬೆಟ್ಟದ ಅಂಚಿನಂತೆ ಕಡಿದು ಬೀಳುತ್ತಿತ್ತು.

“ಪೂರ್ತಿ ಲೆಕ್ಕ ಡಾಕ್ಟರ್ ಹೇಳಬೇಕು. ವಯಸ್ಸಿನದೂ ಇರಬಹುದು. ನಿನ್ನ ಮೇಜಿನ ಪಕ್ಕದಲ್ಲಿ ಕಲ್ಲುಮಣ್ಣು ಅರೆಯೋ ಗಿರಣಿ ಇದೆಯಲ್ಲ, ಅದರದೂ ಇರಬಹುದು.”

“ಕಪ್ಪಿನ ದನಿ ಎಲ್ಲಿ ಬರುತ್ತೆ?”

ಅವಳೇ ಅಡುಗೆಮನೆಯಿಂದ ಕಾರ್ಖಾನೆಯದೇ ಒಂದು ಚಿಕ್ಕ ಕಪ್ಪು ತಂದು, ಮೂರು ಬೆರಳ ಮೇಲೆ ಕೂರಿಸಿ, ಮೈಕಿನ ಮುಂದೆ ಪೆನ್ಸಿಲಿನಿಂದ ತಟ್ಟಿದಳು. ಪರದೆಯಲ್ಲಿ ಮೊಳೆಯಂಥ ಒಂದು ಗೆರೆ ಎದ್ದು ನಿಂತಿತು, ಪ್ರಪಾತದ ಆಚೆ ಬದಿಗೆ. ದೊಡ್ಡದೊಂದು ಬಟ್ಟಲು ತಟ್ಟಿದಾಗ ಎದ್ದ ಮೊಳೆ ಈಚೆಗಿತ್ತು. ನಡುವೆ ಹೆಬ್ಬೆರಳಿನಗಲ ಜಾಗ. ಇಷ್ಟು ದಿನ ತನ್ನ ಕಿವಿ ಇಲ್ಲದ ಕಡೆ ಕೂತು ಕೆಲಸ ಮಾಡಿದ್ದಳು. ಇನ್ನು ‘ತಿಳಿದ ಮಟ್ಟಿಗೆ’ ಎಂದು ಹೇಳಿಕೊಳ್ಳಲು ಬರುವಂತಿರಲಿಲ್ಲ.

ಮರುದಿನ ಕಾರ್ಖಾನೆಯಲ್ಲಿ ಅವಳು ಕಡ್ಡಿ ಹಿಡಿಯಲಿಲ್ಲ. ನೇರವಾಗಿ ಮೇಲ್ವಿಚಾರಕಿಯ ಕೋಣೆಗೆ ಹೋದಳು. ಹೇಳಿ ಮುಗಿಸುವವರೆಗೆ ಮೇಲ್ವಿಚಾರಕಿ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದಳು.

“ನೀವಾಗೇ ಹೇಳದಿದ್ರೆ ನಾವ್ಯಾರೂ ಕಂಡುಹಿಡೀತಿರಲಿಲ್ಲ, ಕಿವಿಯಕ್ಕ.”

“ಅದಕ್ಕೇ ಹೇಳೋಕೆ ಬಂದೆ ಮೇಡಂ. ಚಹಾ ಕುಡಿಯೋರು ಕಂಡುಹಿಡೀಬಾರದಲ್ಲ.”

ಉಗ್ರಾಣದಲ್ಲಿದ್ದ ಚಿಕ್ಕ ಕಪ್ಪುಗಳ ಪೆಟ್ಟಿಗೆಗಳನ್ನು ತೆರೆಸಿದರು. ಪಕ್ಕದ ಮೇಜಿನ ಹೆಂಗಸು ಒಂದೊಂದನ್ನೇ ತಟ್ಟಿದಳು; ಇವಳು ಎತ್ತಿ ಕೊಡುತ್ತ ಕೂತಳು. ಹೆಚ್ಚಿನವು ಗಟ್ಟಿಯಾಗಿದ್ದವು. ಕೆಲವು ಗಟ್ಟಿಯಾಗಿರಲಿಲ್ಲ. ಪಕ್ಕಕ್ಕಿಟ್ಟ ಪ್ರತಿಯೊಂದನ್ನೂ ಇವಳು ಮತ್ತೊಮ್ಮೆ ಬೆರಳ ಮೇಲೆ ಕೂರಿಸಿ ನೋಡಿದಳು. ಬೆರಳಿಗೂ ಏನೂ ತಿಳಿಯಲಿಲ್ಲ. ಆಗಲೇ ಮಾರಾಟವಾಗಿ ಹೋದವುಗಳ ಬಗ್ಗೆ ಮೇಲ್ವಿಚಾರಕಿ ಅಂಗಡಿಗಳಿಗೆ ಫೋನು ಮಾಡಿಸಿದಳು. ಅಂದು ಅವಳ ಮಾತು ಮೃದುವಾಗೇನೂ ಇರಲಿಲ್ಲ. ಸಂಜೆಗೆ ಹೊಸ ಏರ್ಪಾಡಾಯಿತು: ಚಿಕ್ಕ ಕಪ್ಪುಗಳ ಮೇಜು ಪಕ್ಕದವಳಿಗೆ, ಇವಳಿಗೆ ಹೊಳಪಿನ ಲೇಪ ನೋಡುವ ಕೆಲಸ. ಅದಕ್ಕೆ ಕಣ್ಣು ಸಾಕು. ಗಿರಣಿಗೂ ಮೇಜಿಗೂ ನಡುವೆ ಒಂದು ಗೋಡೆ ಏಳಿಸಬೇಕೆಂದು ಇವಳು ಹೊರಡುವ ಮುನ್ನ ಎರಡು ಸಲ ಹೇಳಿ ಬಂದಳು.

ಮನೆಗೆ ಬಂದಾಗ ಮೇಜು ಖಾಲಿಯಾಗಿತ್ತು. ಗಂಡ ಮೂರು ತಟ್ಟೆ ಜೋಡಿಸಿದ್ದ. ಏನಾಯಿತೆಂದು ಕೇಳುವ ಧೈರ್ಯವಿಲ್ಲದೆ ಹಾಡು ಹಾಕಿದ. ಅವಳು ಚಪ್ಪಲಿ ಬಿಟ್ಟು ಬಂದು ಸೋಫಾದಲ್ಲಿ ಕೂತಳು. ತಗ್ಗು ದನಿಗಳು ನೆಲದಗುಂಟ ಬಂದು ಪಾದಕ್ಕೆ ತಾಗಿದವು. ಹಾಡುವವಳ ಉಸಿರು ಎಲ್ಲೋ ಇತ್ತು, ಇವಳನ್ನು ಮುಟ್ಟಲಿಲ್ಲ. ಅದಿದೆ ಎಂಬುದು ಮಾತ್ರ ಗೊತ್ತಿತ್ತು.

“ಹೇಗಿದೆ?” ಅಭ್ಯಾಸಬಲದಿಂದ ಕೇಳಿಬಿಟ್ಟು ಅವನು ನಾಲಿಗೆ ಕಚ್ಚಿಕೊಂಡ.

ಅವಳು ಅವನ ಹುಬ್ಬಿನ ಕಡೆ ನೋಡಲಿಲ್ಲ.

“ಅರ್ಧ ಕೇಳಿಸ್ತಿದೆ. ಕೇಳಿಸಿದ ಅರ್ಧ ಚೆನ್ನಾಗಿದೆ,” ಎಂದಳು. “ಉಳಿದ ಅರ್ಧ ನನಗೆ ಗೊತ್ತಿಲ್ಲ. ಅತ್ತೇನ ಕೇಳಿ.”

ಅತ್ತೆ ಸೊಂಟ ನೆಟ್ಟಗೆ ಮಾಡಿಕೊಂಡು ಕೂತು, ಕಣ್ಣು ಮುಚ್ಚಿ, ಮಗ ಎರಡು ಸಲ ಕೆಮ್ಮಿದರೂ ಬಿಡದೆ, ಹಾಡು ಪೂರ್ತಿ ಮುಗಿಯುವವರೆಗೆ ತೀರ್ಪನ್ನು ಕಾಯ್ದಿರಿಸಿದರು.