ಬಣ್ಣ ತಿನ್ನುವ ಬಿಲ್ಲೆ

ನಾನು ಜೋಳದ ರೊಟ್ಟಿಯಷ್ಟು ಅಗಲದ ಪಿಂಗಾಣಿ ಬಿಲ್ಲೆ. ಹುಟ್ಟಿದ್ದು ಇಳಕಲ್ಲಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ. ರಸಾಯನಶಾಸ್ತ್ರದ ಸುನಂದಾ ಮೇಡಂ ಬಿಳಿ ಜೇಡಿಮಣ್ಣು ಕಲಸಿ, ತಟ್ಟಿ, ಸುಟ್ಟು, ಮೈಗೆಲ್ಲ ಟೈಟಾನಿಯಂ ಬಿಳಿಪುಡಿಯ ಲೇಪ ಕೊಟ್ಟು ಮತ್ತೆ ಸುಟ್ಟರು. ಎರಡು ಸಲ ಬೆಂದವನು ನಾನು; ಯಾರು ಏನಂದರೂ ಬಿರುಕು ಬಿಡುವುದಿಲ್ಲ. ಬೆಳಕು ಕುಡಿದು, ನೀರಿನೊಳಗಿನ ಬಣ್ಣವನ್ನು ಒಡೆದು ಹಾಕುವುದು ನನ್ನ ಕಸುಬು.

ನನ್ನನ್ನೂ ಮೂವತ್ತು ಒಡಹುಟ್ಟಿದವರನ್ನೂ ಮೇಡಂ ರುದ್ರವ್ವನ ಕೈಗೆ ಕೊಟ್ಟರು. ಸೀರೆಯ ನೂಲಿಗೆ ಬಣ್ಣ ಹಾಕುವ ಮನೆ ಅವಳದು. ಅಲ್ಲಿಂದ ಹರಿದ ಬಣ್ಣದ ನೀರು ಪಕ್ಕದ ಮನೆಯ ಹುಸೇನಬಿಯ ಬಾವಿಗಿಳಿದಿತ್ತು.

"ಈ ನೀರಾಗ ಅನ್ನ ಮಾಡಿದ್ರ ಸಕ್ರಿ ಹಾಕೋದೊಂದ ಬಾಕಿ, ಮದುವಿ ಊಟದ ಸಿಹಿ ಜರ್ದಾ ಅನ್ನಾನ ಆಗತೈತಿ," ಎಂದಳು ಹುಸೇನಬಿ. "ಯುಗಾದಿ ತನಕ ತಡಕೋತೀವಿ ರುದ್ರವ್ವಕ್ಕ. ಆಮ್ಯಾಲ ಓಣ್ಯಾಗಿನವರೆಲ್ಲ ಕೂಡಿ ನಿನ್ನ ಬಣ್ಣದ ಭಟ್ಟಿ ಮುಚ್ಚಸ್ತೀವಿ."

ರುದ್ರವ್ವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ನಮ್ಮನ್ನು ತೊಟ್ಟಿಯ ತಳಕ್ಕೆ ಹಾಸಿ, ಬಣ್ಣದ ನೀರು ಬಿಟ್ಟಳು. ಎಂಟು ದಿನವಾಯಿತು. ನೀರು ಕೆಂಪಗೇ ಇತ್ತು.

"ಮೇಡಮ್ಮರ, ನಿಮ್ಮ ಬಿಲ್ಲಿ ಉಂಡ ಅಳಿಯನ್ಹಂಗ ಸುಮ್ನ ಕುಂತಾವ," ಎಂದು ಹೇಳಿಕಳಿಸಿದಳು ರುದ್ರವ್ವ.

ಮೇಡಂ ಬಂದು ತಲೆಯೆತ್ತಿ ನೋಡಿದರು. ತೊಟ್ಟಿಯ ಮೇಲೆ ದಪ್ಪ ಚಪ್ಪರ. "ನೆರಳಾಗ ಯಾಕ ಇಟ್ಟೀರಿ?"

"ಬೆಳಕಿದ್ರ ಸಾಕು ಅಂದಿದ್ರಿ. ಬಣ್ಣ ಬಿಸಿಲಿಗಿಟ್ರ ಹಾರಿಹೋಗತೈತಲ್ರಿ..." ರುದ್ರವ್ವ ತಾನೂ ತಲೆಯೆತ್ತಿ ಚಪ್ಪರ ನೋಡಿದಳು. ಸೆರಗು ಬಾಯಿಗೆ ಹೋಯಿತು. "ಮೂವತ್ತು ವರ್ಷ ಬಣ್ಣಾನ ಬಿಸಿಲಿಂದ ಕಾಯ್ದೇನ್ರಿ. ಕೈ ತಾನ ನೆರಳಿಗೆ ಹೋತು."

"ಬಿಸಿಲು ಅಂತ ಬಿಡಿಸಿ ಹೇಳದಿದ್ದದ್ದು ನನ್ನ ತಪ್ಪು," ಎಂದರು ಮೇಡಂ.

ಅಂದೇ ಚಪ್ಪರ ಕಿತ್ತರು. ಬಿಸಿಲು ತಳ ಮುಟ್ಟಲೆಂದು ನಮ್ಮ ಮೇಲೆ ನಾಲ್ಕೇ ಬೆರಳು ನೀರು ಬಿಟ್ಟರು. ಇಳಕಲ್ಲಿನ ಬಿಸಿಲಿಗೇನು ಬರವೇ? ಮೂರನೆಯ ದಿನ ನೀರು ಗುಲಾಬಿಯಾಯಿತು, ಆರನೆಯ ದಿನ ತಳದಲ್ಲಿ ನನ್ನ ಮುಖ ಕಂಡಿತು.

ಯುಗಾದಿಗೆ ಬಾವಿ ಇನ್ನೂ ತಿಳಿಯಾಗಿರಲಿಲ್ಲ. ಹುಸೇನಬಿ ತೊಟ್ಟಿಯ ನೀರನ್ನು ಬೊಗಸೆಯಲ್ಲಿ ಎತ್ತಿ ಹಿಡಿದು, ಬಹಳ ಹೊತ್ತು ನೋಡಿ, "ಮಳಿಗಾಲ ಮುಗೀಲಿ, ಬಾವಿ ತಿಳಿಯಾಗತೈತೇನು ನೋಡೋಣ," ಎಂದಳು.

ಆರು ವರ್ಷ ದುಡಿದೆ. ಲೇಪ ಸವೆಯಿತು, ತೊಟ್ಟಿಗೆ ಹೊಸ ಬಿಲ್ಲೆಗಳು ಬಂದವು. ರುದ್ರವ್ವ ನನ್ನನ್ನು ಎಸೆಯಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಕೊಡದ ಕೆಳಗಿಟ್ಟಳು. ಇಲ್ಲಿ ಬಿಸಿಲಿಲ್ಲ, ಕೆಲಸವೂ ಇಲ್ಲ. ದಿನಾ ಬೆಳಿಗ್ಗೆ ತುಂಬಿದ ಕೊಡ ಬಂದು ನನ್ನ ಮೇಲೆ ಕೂರುತ್ತದೆ. ತುಳುಕಿದ ಒಂದೆರಡು ಹನಿ ಮೈಮೇಲೆ ಬೀಳುತ್ತವೆ. ಬಣ್ಣವಿದೆಯೇ ಎಂದು ಹಳೆಯ ಅಭ್ಯಾಸಕ್ಕೆ ಹುಡುಕುತ್ತೇನೆ. ಏನೂ ಸಿಗುವುದಿಲ್ಲ.

ಅದು ಹುಸೇನಬಿಯ ಬಾವಿಯ ನೀರು.