ನಾಲ್ಕು ಸೆಕೆಂಡಿನ ಮುಚ್ಚಳ

ಕಂಪನಿಯ ವೆಬ್‌ಸೈಟಿಗೆ ಪ್ರತಿಯೊಬ್ಬ ಡಿಸೈನರೂ ಎರಡು ಸಾಲು ಬರೆದುಕೊಡಬೇಕಿತ್ತು: ಕೆಲಸದಲ್ಲಿ ನಂಬುವುದೇನು, ಕೆಲಸದಾಚೆ ಇಷ್ಟವೇನು. ‘ವಸ್ತು ಕೈಗೆ ಒಗ್ಗದಿದ್ದರೆ ತಪ್ಪು ಕೈಯದಲ್ಲ’ ಎಂದು ಮೊದಲನೆಯದಕ್ಕೆ ಬರೆದೆ. ಗುಜರಿಯಿಂದ ಹಳೆ ಬೀಗ ತಂದು ಬಿಚ್ಚುವುದು ಎಂದು ಎರಡನೆಯದಕ್ಕೆ. ಇದನ್ನು ಹಾಕಿದರೆ ಗಿರಾಕಿಗಳ ಬದಲು ಪೊಲೀಸರು ಬರುತ್ತಾರೆ ಎಂದರು ಮ್ಯಾನೇಜರ್.

ಆಗ ನನ್ನ ಕೈಯಲ್ಲಿದ್ದ ಕೆಲಸ ಮಾತ್ರೆ ಡಬ್ಬಿಯ ಮುಚ್ಚಳದ ವಿನ್ಯಾಸ. ಒತ್ತಿ ತಿರುಗಿಸುವಂಥದ್ದು. ಮಕ್ಕಳಿಗೆ ತೆರೆಯಲು ಬರಬಾರದು, ವಯಸ್ಸಾದವರಿಗೆ ಬರಬೇಕು. ಎಂಟು ತಿಂಗಳು ಅದಕ್ಕೇ ಹೋಗಿತ್ತು. ಹನ್ನೆರಡು ಜನ ಹಿರಿಯರನ್ನು ಕೂರಿಸಿ ಪರೀಕ್ಷೆ ಮಾಡಿದೆ. ಹನ್ನೊಂದು ಜನ ತೆರೆದರು. ಎಲ್ಲರಿಗಿಂತ ಬೇಗ ತೆರೆದವಳು ನಮ್ಮ ದೊಡ್ಡಮ್ಮ, ನಾಲ್ಕೇ ಸೆಕೆಂಡು. ಎಲ್ಲರಿಗೂ ಬಳಸಿ ನೋಡಿ ಎಂದು ಮೂರು ಮೂರು ಡಬ್ಬಿ ಕೊಟ್ಟು ಕಳಿಸಿದ್ದೆ. ಇನ್ನು ಸೋಮವಾರ ನಾನು ಸಹಿ ಹಾಕಿದರೆ ಮುಚ್ಚಳ ಎರಕ ಹೊಯ್ಯುವ ಉಕ್ಕಿನ ಅಚ್ಚು ಕೊರೆಯುತ್ತಾರೆ. ಆಮೇಲೆ ಕೂದಲೆಳೆಯಷ್ಟೂ ಬದಲಿಸುವ ಹಾಗಿಲ್ಲ.

ಭಾನುವಾರ ದೊಡ್ಡಮ್ಮನ ಮನೆಗೆ ಹೋದೆ. ಮೂರು ಡಬ್ಬಿಗಳೂ ಕಿಟಕಿ ಪಕ್ಕದ ಹಲಗೆಯ ಮೇಲಿದ್ದವು. ಒಂದಕ್ಕೂ ಮುಚ್ಚಳವಿಲ್ಲ. ಬಾಯಿಗೆ ಕಾಗದ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ್ದಳು. ಮುಚ್ಚಳಗಳು ಹೊಲಿಗೆ ಪೆಟ್ಟಿಗೆಯಲ್ಲಿ ಗುಂಡಿಗಳ ಜೊತೆ ಬಿದ್ದಿದ್ದವು.

“ತೆರೆಯೋಕೆ ಬರ್ತಿತ್ತಲ್ಲ ದೊಡ್ಡಮ್ಮ?”

“ಈಗ್ಲೂ ಬರುತ್ತೆ, ನೋಡು.” ಒಂದನ್ನು ಹಾಕಿ, ಒತ್ತಿ, ತಿರುಗಿಸಿ ತೋರಿಸಿದಳು. “ನೀನು ಗಡಿಯಾರ ಹಿಡ್ಕೊಂಡು ಎದುರಿಗೆ ಕೂತ್ರೆ ತೆರೀತೀನಿ. ದಿನಕ್ಕೆ ಮೂರು ಸಲ ಇದ್ರ ಜೊತೆ ಯಾರು ಗುದ್ದಾಡ್ತಾರೆ?”

ಎದುರು ಮನೆ ಮಗು ಬರುತ್ತದಲ್ಲ ಎಂದೆ. ಬಂದಾಗ ಎತ್ತಿಡುತ್ತೇನೆ ಎಂದಳು.

ಪರೀಕ್ಷೆ ಸುಳ್ಳಲ್ಲ. ಆದರೆ ನಾನು ಅಳೆದದ್ದು ತೆರೆಯುವುದನ್ನು. ಮತ್ತೆ ಮುಚ್ಚಿಡುತ್ತೀರಾ ಎಂದು ಯಾರನ್ನೂ ಕೇಳಿರಲಿಲ್ಲ. ಅಥವಾ ಇದು ಬರೀ ದೊಡ್ಡಮ್ಮನ ಸೋಮಾರಿತನವೋ? ಮದುವೆಯಾದಾಗಿನಿಂದ ಇವಳು ಟೂತ್‌ಪೇಸ್ಟಿಗೂ ಮುಚ್ಚಳ ಹಾಕಿದವಳಲ್ಲ ಎಂದು ದೊಡ್ಡಪ್ಪ ಒಳಗಿನಿಂದ ಸಾಕ್ಷಿ ಹೇಳಿದರು.

ಅಲ್ಲಿಂದ ಪರೀಕ್ಷೆಗೆ ಬಂದಿದ್ದ ಇನ್ನಿಬ್ಬರ ಮನೆಗೆ ಹೋದೆ. ನಿವೃತ್ತ ಟೈಪಿಸ್ಟ್ ಒಬ್ಬರು ಬಿಗಿಯಾಗಿ ಮುಚ್ಚಿಟ್ಟುಕೊಂಡಿದ್ದರು, ಏನೂ ತೊಂದರೆಯಿಲ್ಲ ಎಂದರು. ದರ್ಜಿ ಅಜ್ಜ ನಾನು ಕೊಟ್ಟದ್ದೆಂಬ ಅಭಿಮಾನಕ್ಕೆ ಮೂರನ್ನೂ ಶೋಕೇಸಿನಲ್ಲಿಟ್ಟು, ಮಾತ್ರೆಗಳನ್ನು ಜೇಬಿನಲ್ಲಿ ಹಾಕಿಕೊಂಡು ಓಡಾಡುತ್ತಿದ್ದರು. ಮೂರು ಮನೆ, ಮೂರು ಉತ್ತರ.

ಸೋಮವಾರ ಎಲ್ಲವನ್ನೂ ಮ್ಯಾನೇಜರಿಗೆ ಹೇಳಿದೆ. ಅಚ್ಚಿನವರ ಸರದಿ ತಪ್ಪಿದರೆ ಮತ್ತೆ ಮೂರು ತಿಂಗಳು ಕಾಯಬೇಕು, ನೀನು ಒಪ್ಪದಿದ್ದರೆ ಕೆಲಸ ಬೇರೆಯವರ ಕೈಗೆ ಹೋಗುತ್ತದೆ ಎಂದರು. ದೋಷ ಎಲ್ಲಿದೆ, ಬೆರಳಿಟ್ಟು ತೋರಿಸು ಎಂದರು.

“ಗೊತ್ತಾಗ್ತಿಲ್ಲ ಸರ್.”

“ಹಾಗಾದ್ರೆ ಸಹಿ ಹಾಕು.”

“ಅದೂ ಆಗ್ತಿಲ್ಲ.”

ಅವರು ಸಿಟ್ಟಾಗಲಿಲ್ಲ. ಕಾಗದವನ್ನು ಪಕ್ಕದ ಮೇಜಿನ ಡಿಸೈನರ್ ಮುಂದಿಟ್ಟರು. ಅವನು ಮುಚ್ಚಳವನ್ನು ಒಂದು ಸಲ ಒತ್ತಿ ತೆರೆದು, ಚೆನ್ನಾಗೇ ಇದೆಯಲ್ಲ ಎಂದು ಸಹಿ ಹಾಕಿದ. ಅವನು ತೆರೆದದ್ದನ್ನು ನೋಡಿದಾಗ, ನಿಜ ಹೇಳಬೇಕೆಂದರೆ, ನನಗೂ ಚೆನ್ನಾಗೇ ಕಂಡಿತು.